ಸೂಜಿಗೆ ಮುಚ್ಚಳ ಹಾಕಬೇಡಿ

ಡ್ರೆಸ್ಡೆನ್,
೧೭ ನವೆಂಬರ್ ೨೦೦೨

ಪ್ರೀತಿಯ ತಮ್ಮ ಮಲ್ಲಿಕಾರ್ಜುನ,

ನಿನ್ನ ಬೆನ್ನುನೋವು ಹೇಗಿದೆ? ಆಸ್ಪತ್ರೆಯ ಗದ್ದಲದಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ? ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಭಾವ ಚಿಪ್ ಕಾರ್ಖಾನೆಯ ಕಂಪ್ಯೂಟರುಗಳ ಜೊತೆ, ನಾನು ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ಚಳಿ ಮಾತ್ರ ಇಬ್ಬರಿಗೂ ಸಮಪಾಲು.

ನಿಮ್ಮ ಆಸ್ಪತ್ರೆಯ ಆಯಾ ಬಸಕ್ಕನಿಗೆ ಟ್ರೇ ತೊಳೆಯುವಾಗ ಮತ್ತೆ ಸೂಜಿ ಚುಚ್ಚಿತೆಂದು ತಮಾಷೆಯಾಗಿ ಬರೆದಿದ್ದೀಯ. "ಸೂಜಿ ಏನ್ ಮಹಾರೀ ಡಾಕ್ಟರ್ರ, ನಿಮ್ಮ ಮಾತು ಅದಕ್ಕಿಂತ ಚುಚ್ತಾವ" ಎಂದಳಂತೆ. ನಕ್ಕೆ. ಆಮೇಲೆ ನಗು ನಿಂತಿತು. ಧನುರ್ವಾಯುವಿನ ಟಿ.ಟಿ. ಇಂಜೆಕ್ಷನ್ ಕೊಟ್ಟು ಕಳಿಸಿದ್ದೀಯ, ಅಷ್ಟೇ. ಕಾಮಾಲೆಯ ವೈರಸ್ಸಿಗೆ ಅದು ಏನು ಮಾಡೀತು?

ನಿನಗೆ ಹೇಳಿರಲಿಲ್ಲ, ಮಾರ್ಚಿನಲ್ಲಿ ನನಗೂ ಚುಚ್ಚಿತ್ತು. ರಕ್ತ ತೆಗೆದ ಮೇಲೆ ಸೂಜಿಗೆ ಮುಚ್ಚಳ ಹಾಕಲು ಹೋದೆ. ಹುಬ್ಬಳ್ಳಿಯಲ್ಲಿ ನಾವೆಲ್ಲ ಕಲಿತದ್ದು ಅದೇ ಅಲ್ಲವೇ: ಕಸ ಎತ್ತುವವರಿಗೆ ಚುಚ್ಚಬಾರದು, ಮುಚ್ಚಿಡು. ಆ ದಯೆಯೇ ನಮ್ಮ ಬೆರಳಿಗೆ ಚುಚ್ಚುತ್ತದೆ. ಜೊತೆಯ ಮೋನಿಕಾ "ಸೂಜಿಗೂ ಚಳಿಯೇ, ಟೋಪಿ ಹಾಕ್ತೀಯಲ್ಲ?" ಎಂದು ಬೈದು, ಬೆರಳನ್ನು ನಲ್ಲಿಗೆ ಹಿಡಿಸಿ, ತಾನೇ ಡಾಕ್ಟರ ಬಳಿ ಕರೆದೊಯ್ದಳು. ರಕ್ತಪರೀಕ್ಷೆ, ಮತ್ತೆ ಪರೀಕ್ಷೆ. ಕೊನೆಯ ವರದಿ ಸೆಪ್ಟೆಂಬರಿನಲ್ಲಿ ಬಂತು, ಏನೂ ಇಲ್ಲ. ಅಲ್ಲಿಯವರೆಗೆ ಕವಿತೆಯ ಪುಸ್ತಕ ತೆರೆದರೆ ಕಣ್ಣು ಒಂದೇ ಸಾಲಿನಲ್ಲಿ ನಿಂತುಬಿಡುತ್ತಿತ್ತು. ಅಗತ್ಯವಿಲ್ಲವೆಂದು ಗೊತ್ತಿದ್ದೂ ನನ್ನ ತಟ್ಟೆಯನ್ನು ಬೇರೆ ಇಟ್ಟುಕೊಂಡಿದ್ದೆ.

"ಅಕ್ಕಾ, ಜರ್ಮನಿ ಖರ್ಚು ಗದಗಕ್ಕ ತರಬ್ಯಾಡ" ಎನ್ನುತ್ತೀಯ. ನಾನು ದುಬಾರಿ ಸೂಜಿ ಕೇಳುತ್ತಿಲ್ಲ. ಪ್ರತಿ ಮಂಚದ ಬಳಿ ಸೂಜಿ ತೂರಲಾಗದ ಒಂದು ಗಟ್ಟಿ ಡಬ್ಬಿ. ಇಂಜೆಕ್ಷನ್ ಕೊಟ್ಟವರೇ, ಮುಚ್ಚಳ ಹಾಕದೆ, ಆಗಲೇ ಅದರೊಳಗೆ ಬಿಡಲಿ. ಟ್ರೇಗೆ ಸೂಜಿ ಬರಲೇಬಾರದು. ಬಸಕ್ಕನಿಗೆ ರಕ್ತಪರೀಕ್ಷೆ, ಕಾಮಾಲೆಯ ಲಸಿಕೆ. ಇಷ್ಟಕ್ಕೆ ಹಿಂಜರಿದರೆ, ನಾಳೆ ಅವಳ ಲಿವರ್ ಕೆಟ್ಟಾಗ ಆ ಖರ್ಚು ಯಾರದು? ಅವಳದೇ. ಅದಕ್ಕೇ ಅದು ನಿನಗೆ ಅಗ್ಗವಾಗಿ ಕಾಣುತ್ತಿದೆ.

ಕೋಪ ಬೇಡ. ನಿನ್ನ ಕೈಗುಣ ಒಳ್ಳೆಯದೆಂದು ಊರೇ ಹೇಳುತ್ತದೆ. ಆ ಮಾತು ನಿನ್ನ ಆಯಾಳ ಬಾಯಲ್ಲೂ ಬರಲಿ ಎಂದು ಹರಸುವ,

ನಿನ್ನ ಅಕ್ಕ
ವೇದಾ

ಮರೆತಿದ್ದೆ: ಬಸಕ್ಕನಿಗೆ ಓದಲು ಬಾರದು. ಮುಂದಿನದನ್ನು ನೀನೇ ಅವಳೆದುರು ಗಟ್ಟಿಯಾಗಿ ಓದು. "ಬಸಕ್ಕಾ, ಡಬ್ಬಿ ಬರೂತನಕ ಸೂಜಿ ಇರೂ ಟ್ರೇ ಮುಟ್ಟಬ್ಯಾಡ. ಡಾಕ್ಟರ್ ಬೈದ್ರ, 'ನೀವs ತೊಳೀರಿ, ನಿಮ್ಮ ಅಕ್ಕಾರು ಹೇಳ್ಯಾರ' ಅನ್ನು."