ಬಾಗಿಲ ಬಳಿಯ ನೀಲಿ ಸ್ಟೂಲು

ಲುಂಡ್,
ಸೆಪ್ಟೆಂಬರ್ ೩

ಮುದ್ದಿನ ತೂವಾ,

ನಿನ್ನ ಅಪ್ಪನ ಮನೆಯ ಸೀಗಡಿ ಊಟ ಮುಗಿಸಿ ಬಂದಮೇಲೆ ನಿನಗೊಂದು ಸಾಲೂ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಕಾಗದವಾದರೆ ಅರ್ಧ ಓದಿ ಮಡಚಿಟ್ಟು, ಸಿಟ್ಟು ಇಳಿದಮೇಲೆ ಉಳಿದದ್ದು ಓದಬಹುದು. ಹಿತ್ತಲಿನ ಸೇಬಿನ ಮರ ಈ ವರ್ಷ ಬಾಗುವಷ್ಟು ಬಿಟ್ಟಿದೆ. ನಿನಗೆಂದು ಒಂದು ಬುಟ್ಟಿ ತೆಗೆದಿಟ್ಟಿದ್ದೇನೆ. ನಿನ್ನ ಅಪ್ಪನ ಇವೋನ್ ಇಷ್ಟು ಹೊತ್ತಿಗೆ ನಿನಗೆ ಸೇಬಿನ ಜಾಮ್ ಮಾಡಿಕೊಟ್ಟಿರುತ್ತಾಳೆ, ಗೊತ್ತು. ಆದರೂ ಇಟ್ಟಿದ್ದೇನೆ.

ಪ್ರಯೋಗಾಲಯಕ್ಕೆ ಹೊಸ ಇಲಿಗಳು ಬಂದಿವೆ. ನಿನಗೆ ಬಂದಿರುವ ಎಂ.ಎಸ್. ಕಾಯಿಲೆಯ ನಕಲನ್ನೇ ನಾನು ಇಷ್ಟು ವರ್ಷ ಇಲಿಗಳಲ್ಲಿ ಬರಿಸುತ್ತಾ ಬಂದವಳು. ಅವುಗಳ ಮೈಯೇ ಅವುಗಳ ನರದ ಹೊದಿಕೆಯನ್ನು ಶತ್ರುವೆಂದು ತಿಳಿದು ಹಾಳುಮಾಡುವಂತೆ ಮಾಡುತ್ತೇವೆ, ಆಮೇಲೆ ದಿನಾ ಬೆಳಿಗ್ಗೆ ಒಂದೊಂದನ್ನೇ ಎತ್ತಿ ಅಂಕ ಹಾಕುತ್ತೇವೆ. ಬಾಲ ಜೋತುಬಿದ್ದರೆ ಒಂದು, ಹಿಂಗಾಲು ತಡವರಿಸಿದರೆ ಎರಡು, ಎಳೆದರೆ ಮೂರು. ಯಾವ ಇಲಿಗೆ ಔಷಧಿ ಕೊಟ್ಟಿದೆ, ಯಾವುದಕ್ಕೆ ಬರೀ ಉಪ್ಪುನೀರು ಎಂದು ಗೊತ್ತಿರುವವರು ಅಂಕ ಹಾಕುವಂತಿಲ್ಲ, ಏಕೆಂದರೆ ಆಸೆಯೂ ಭಯವೂ ಕಣ್ಣು ಕೆಡಿಸುತ್ತವೆ. ಮೊನ್ನೆ ನನ್ನ ಜೊತೆ ಕೆಲಸ ಮಾಡುವ ಸಿಕ್ಸ್ಟೆನ್ ನನ್ನ ಕೈಯಿಂದ ಇಲಿಯನ್ನು ಮೆಲ್ಲಗೆ ಬಿಡಿಸಿಕೊಂಡ.

"ನಿನ್ನ ಕಣ್ಣಿಗೆ ಎಲ್ಲಾ ಇಲಿಗಳೂ ಕುಂಟ್ತಾ ಇವೆ ಮಾರ್ಗಿತ್. ಮನೆಗೆ ಹೋಗು, ಮಗಳ ಜೊತೆ ಮಾತಾಡು," ಅಂದ.

ಮಗಳು ಫೋನ್ ಎತ್ತುವುದಿಲ್ಲ ಎಂದು ಅವನಿಗೆ ಹೇಳಲಿಲ್ಲ.

ಇನ್ನು ಆ ಸಂಜೆಯ ವಿಷಯ. ನೀನೂ ನಿನ್ನ ಅಪ್ಪನೂ ಬಾಗಿಲಲ್ಲೇ ಇದ್ದಿರಿ. ಇವೋನ್ ನನ್ನನ್ನು ತಬ್ಬಿಕೊಂಡು ಆ ನೀಲಿ ಸ್ಟೂಲನ್ನು ಮುಂದಕ್ಕೆ ತಳ್ಳಿದಳು. "ಬಾ ಮಾರ್ಗಿತ್, ಕೂತ್ಕೊಂಡು ಶೂ ಬಿಚ್ಚು. ನಮ್ಮನೇಲೀಗ ಎಲ್ಲರೂ ಕೂತೇ ಬಿಚ್ಚೋದು. ನನ್ನ ಮಂಡಿಗೆ ವಯಸ್ಸಾಯ್ತು ನೋಡು."

ಮಂಡಿಯಂತೆ! ಅದೇ ಮಂಡಿ ಇಟ್ಟುಕೊಂಡು ಅವಳು ಜುಲೈನಲ್ಲಿ ದೋಣಿಕಟ್ಟೆಯಿಂದ ಸಮುದ್ರಕ್ಕೆ ಧುಮುಕಿದ್ದನ್ನು ನಾನೇ ಕಂಡಿದ್ದೇನೆ. ಆ ಸ್ಟೂಲು ಯಾರಿಗಾಗಿ ಬಂದದ್ದೆಂದು ನೋಡಿದ ಕೂಡಲೇ ತಿಳಿಯಿತು. ನೀನೊಬ್ಬಳೇ ಕೂರಬೇಕಾಗಬಾರದೆಂದು ಮನೆಮಂದಿಯನ್ನೆಲ್ಲ ಕೂರಿಸಿಬಿಟ್ಟಿದ್ದಾಳೆ. ಯಾರೂ ಹೇಳಿಕೊಡದೆ, ಒಂದು ಪುಸ್ತಕ ತೆರೆಯದೆ, ಒಂದು ಇಲಿ ಮುಟ್ಟದೆ! ನನಗೆ ಹೊಟ್ಟೆಯೊಳಗೆ ಬೆಂಕಿ ಬಿದ್ದ ಹಾಗಾಯಿತು ತೂವಾ.

ಅದಕ್ಕೇ ನಾನು ಕೂರಲಿಲ್ಲ. "ನನಗ್ಯಾಕಮ್ಮ, ನಾನಿನ್ನೂ ಗಟ್ಟಿಯಾಗಿದ್ದೀನಿ," ಎಂದು ಒಂಟಿಕಾಲಲ್ಲಿ ನಿಂತು ಒಂದು ಶೂ ಬಿಚ್ಚಿದೆ. ಕಾಲು ಬದಲಿಸಿ ಇನ್ನೊಂದು ಬಿಚ್ಚಿದೆ. ಗೋಡೆ ಮುಟ್ಟಲಿಲ್ಲ. ಅವಳಿಗೆ ಉರಿಯಲಿ ಎಂದು ಮಾಡಿದ್ದು. ನಿನ್ನ ಮುಖ ನೋಡಿದ್ದು ಆಮೇಲೆ.

ಆಮೇಲೆ ಸೀಗಡಿ ಊಟದ ಪದ್ಧತಿಯಂತೆ ಎಲ್ಲರೂ ಕಾಗದದ ಟೋಪಿ ಹಾಕಿಕೊಂಡು ಹಾಡಿದರು, ಕುಡಿದರು. ನೀನು ಮೇಜಿನ ಆ ತುದಿಯಲ್ಲಿ. ಇವೋನ್ ನಿನ್ನ ಪಕ್ಕದಲ್ಲಿ, ತನ್ನದಕ್ಕಿಂತ ಮೊದಲು ನಿನ್ನ ಸೀಗಡಿಯ ಚಿಪ್ಪು ಬಿಡಿಸುತ್ತಾ. ಮಧ್ಯದಲ್ಲಿ ನೀನು ಎದ್ದೆ, ಎದ್ದವಳು ಹಾಗೇ ನಿಂತೆ.

"ಅಮ್ಮಾ, ನಾನು ಅಡುಗೆಮನೆಗೆ ಹೋಗಿ ಬರ್ತೀನಿ. ನೀನು ಆ ಕಡೆ ತಿರುಗಿ ಕೂತ್ಕೋ."

ತಮಾಷೆ ಅಂದುಕೊಂಡು ಎಲ್ಲರೂ ನಕ್ಕರು. ನಾನು ಕಿಟಕಿಯ ಕಡೆ ತಿರುಗಿ ಕೂತೆ. ನಿನ್ನ ಹೆಜ್ಜೆಯ ಸದ್ದು ಕೇಳಿಸುತ್ತಿತ್ತು, ಒಂದು ಗಟ್ಟಿ, ಒಂದು ಸವರಿದ ಹಾಗೆ. ಕಿವಿ ಮುಚ್ಚಿಕೋ ಎಂದು ನೀನು ಹೇಳಿರಲಿಲ್ಲವಲ್ಲ.

ನಿನ್ನೆ ನಿನ್ನ ಅಪ್ಪ ಫೋನ್ ಮಾಡಿದ್ದ. ಗುರುವಾರ ಆಸ್ಪತ್ರೆಯಲ್ಲಿ ನಿನಗೆ ಮೊದಲ ಸಲ ಡ್ರಿಪ್ಪಿನಲ್ಲಿ ಹೊಸ ಔಷಧಿ ಕೊಡುತ್ತಾರಂತೆ, ಜೊತೆಗೆ ಇವೋನ್ ಇರುತ್ತಾಳಂತೆ. ಇಲಿ ಕಂಡರೆ ಕುರ್ಚಿ ಹತ್ತುವ ಹೆಂಗಸು! ಆ ಔಷಧಿ ನಿನ್ನವರೆಗೆ ಬಂದದ್ದೇ ಇಲಿಗಳ ಮೈ ಹಾದು. ನನ್ನ ಇಲಿಗಳಲ್ಲ, ಅವುಗಳ ದಾಯಾದಿಗಳು. ಆದರೂ ಆ ಕೋಣೆಯಲ್ಲಿ ಇರಬೇಕಾದವಳು ನಾನಲ್ಲವೇ? ಹಾಗೆಂದು ನಿನ್ನ ಅಪ್ಪನನ್ನು ದಬಾಯಿಸಿದೆ.

"ನೀನು ಬಂದ್ರೆ ಅವಳಿಗೆ ಪರೀಕ್ಷೆಗೆ ಕೂತ ಹಾಗಾಗತ್ತೆ ಮಾರ್ಗಿತ್," ಅಂದ.

ಅವನು ನನ್ನನ್ನು ಬಿಟ್ಟು ಇವೋನ್ ಬಳಿ ಹೋದಾಗಲೂ ನನಗೆ ಇಷ್ಟು ಹೊಟ್ಟೆಕಿಚ್ಚಾಗಿರಲಿಲ್ಲ. ಗಂಡನನ್ನು ಹೇಗೋ ಬಿಟ್ಟುಕೊಟ್ಟೆ. ನಿನ್ನನ್ನೂ ಕೊಡು ಅಂದರೆ ನನ್ನಿಂದಾಗದು.

ಹೋಗಲಿ ಬಿಡು. ಆ ಔಷಧಿ ನಿನ್ನ ಮೈಗೆ ಒಗ್ಗಲಿ ಕಂದ. ಕೈಕಾಲು ನೀನು ಹೇಳಿದ ಮಾತು ಕೇಳಲಿ. ಈ ಚಳಿಗಾಲ ನಿನ್ನನ್ನು ನೋಯಿಸದೆ ದಾಟಿಹೋಗಲಿ. ಆ ದಿನ ಬೆಚ್ಚಗಿನ ಕಾಲುಚೀಲ ಹಾಕಿಕೊಂಡು ಹೋಗು, ಅಲ್ಲಿ ತಣ್ಣಗಿರುತ್ತದೆ.

ನಿನ್ನ ಅಮ್ಮ,
ಮಾರ್ಗಿತ್

ತಾ.ಕ.: ಒಂದು ವಿಷಯ ಸರಿಪಡಿಸಬೇಕು. ನಿನ್ನ ಕಾಲಿನ ತೊಂದರೆ ಮೊದಲು ಗೊತ್ತಾದದ್ದು ಇವೋನ್‌ಗೆ ಎಂದು ನೀವೆಲ್ಲ ತಿಳಿದಿದ್ದೀರಿ. ಅಲ್ಲ, ನನಗೆ. ಹೋದ ಕ್ರಿಸ್‌ಮಸ್‌ಗೆ ನೀನು ಇಲ್ಲಿಗೆ ಬಂದು ಬೂಟು ಬಿಚ್ಚುವಾಗ ಗೋಡೆಗೆ ಕೈ ಊರಿದೆ. ಹಿಂದೆಂದೂ ಊರಿದವಳಲ್ಲ. ಮನಸ್ಸಿನಲ್ಲೇ ಅಂಕ ಹಾಕಿಬಿಟ್ಟೆ. ಒಂದೇ ಸಲ ಕಂಡದ್ದನ್ನು ಲೆಕ್ಕಕ್ಕೆ ಹಿಡಿಯಬಾರದು, ಇನ್ನೊಮ್ಮೆ ನೋಡೋಣ ಎಂದು ಕಾದೆ. ನೀನು ಹೊರಡುವಾಗ ಬೂಟು ಹಾಕಿಕೊಳ್ಳುವುದನ್ನೂ ಸುಮ್ಮನೆ ನೋಡುತ್ತಾ ನಿಂತೆ. ಇಲ್ಲಿಂದ ನೀನು ನೇರವಾಗಿ ನಿನ್ನ ಅಪ್ಪನ ಮನೆಗೆ ಹೋದೆ. ನೀನು ಇವೋನ್ ಹತ್ತಿರವೇ ಯಾಕೆ ಹೇಳಿದೆ ಎಂದು ನಿನ್ನೆ ನಿನ್ನ ಅಪ್ಪನನ್ನು ಕೇಳಿಯೇಬಿಟ್ಟೆ. "ಇವೋನ್ ಏನಾಯ್ತು ಮಗೂ ಅಂತ ಕೇಳಿದ್ಲು, ತೂವಾ ಹೇಳಿದ್ಲು. ಅಷ್ಟೇ," ಅಂದ.

ಗುರುವಾರ ನಾನೂ ಬರಲಾ? ಇವೋನ್ ನಿನ್ನ ಕೈ ಹಿಡಿದುಕೊಂಡಿರಲಿ. ನಾನು ನಿನ್ನ ತಲೆಯ ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಅಲ್ಲಿಂದ ಕಾಲು ಕಾಣುವುದಿಲ್ಲ.