ಏಳನೇ ಫಾರಂ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6

ಮತ್ತೆ ಅದೇ ಕನಸು. ಮುಷ್ಟಿಯಲ್ಲಿ ಬೀಗದ ಕೈ, ಬೆರಳು ಬಿಚ್ಚಲು ಬರುತ್ತಿಲ್ಲ. ಎದುರಿಗೆ ಗೋಡೆ. ಗೋಡೆಯಾಚೆ ಮಗು ಅಳುತ್ತಿದೆ. ಬಾಗಿಲು ಎಲ್ಲಿತ್ತು ಎಂದು ತಡವುತ್ತೇನೆ, ಕೈಗೆ ಸುಣ್ಣ ಮಾತ್ರ ಹತ್ತುತ್ತದೆ... ಎದ್ದಾಗ ಅಂಗೈಯಲ್ಲಿ ನಾಲ್ಕು ಉಗುರಿನ ಗುರುತು.

ಗ್ಯಾಸ್ ನೋಡಿದೆ. ಆಫ್. ಮುಂಬಾಗಿಲ ಚಿಲಕ ನೋಡಿದೆ. ಹಾಕಿದೆ. ಮತ್ತೆ ಗ್ಯಾಸ್ ನೋಡಿದೆ. ಮಗಳು ಹಾಸಿಗೆಯಿಂದಲೇ, "ಅಮ್ಮಾ, ಸ್ಟೌ ಎಲ್ಲೂ ಓಡಿ ಹೋಗಲ್ಲ, ಬಿಡು" ಎಂದಳು. ಎಚ್ಚರವಿದ್ದಳು ಎಂದಾಯಿತು. ಕನಸಿನಲ್ಲಿ ನಾನೇನಾದರೂ ಮಾತಾಡಿದೆನೇ? ಕೇಳಲು ಧೈರ್ಯವಾಗಲಿಲ್ಲ.

ಅದೇ ದಿನ, ಸಂಜೆ 7

ಇವತ್ತು ಬರೆದದ್ದು ನನಗೇ ಓದಲು ಬರುತ್ತಿಲ್ಲ. ಅಕ್ಷರ ಮೊದಲೇ ಸೊಟ್ಟ.

ಬೈಂಡಿಂಗಿನಲ್ಲಿ ಇವತ್ತು ಮೇಡಂ ಅವರ ಹೊಸ ಕಾದಂಬರಿ ಶುರುವಾಯಿತು. ಮೂರು ವರ್ಷದಿಂದ ಅಕ್ಕ ಅಡುಗೆ ಮಾಡುತ್ತಿರುವುದು ಇದೇ ಮೇಡಂ ಮನೆಯಲ್ಲಿ. ದೊಡ್ಡ ಪ್ರಶಸ್ತಿ ಬಂದ ಮೇಲೆ ಪೇಪರಿನಲ್ಲಿ ವಾರಕ್ಕೊಮ್ಮೆ ಅವರ ಫೋಟೋ. ಹತ್ತು ಸಾವಿರ ಪ್ರತಿ ಎಂದು ಫೋರ್ಮನ್ ಬೆಳಿಗ್ಗೆಯೇ ಕೂಗಿದರು. ನಾನು ಕೆಲಸಕ್ಕೆ ಸೇರಿದಾಗ ನಾವು ಮಡಚುತ್ತಿದ್ದದ್ದು ಪರೀಕ್ಷೆ ಗೈಡು, ರಸೀದಿ ಪುಸ್ತಕ. ಈಗ ನಮ್ಮ ಮೆಷಿನ್ನನ್ನು ನಿಲ್ಲದಂತೆ ನೋಡಿಕೊಳ್ಳುತ್ತಿರುವುದು ಹೆಂಗಸರು ಬರೆದ ಕಾದಂಬರಿಗಳು.

ಒಂದು ದೊಡ್ಡ ಹಾಳೆ ಮಡಚಿದರೆ ಹದಿನಾರು ಪುಟ. ಅದೇ ಒಂದು ಫಾರಂ. ಒಬ್ಬೊಬ್ಬರಿಗೆ ಒಂದೊಂದು. ನನಗೆ ಬಂದದ್ದು ಏಳನೆಯದು, 97ರಿಂದ 112.

ಓದಬಾರದು ಎಂದು ರೂಲ್ಸು. ಓದದವರು ಯಾರೂ ಇಲ್ಲ. ನನ್ನದು ಆರನೇ ಕ್ಲಾಸಿಗೆ ನಿಂತ ಓದು, ಬೆರಳಿಟ್ಟುಕೊಂಡು ಓದುತ್ತೇನೆ. ಪುಟ 101ಕ್ಕೆ ಬೆರಳು ನಿಂತಿತು.

ಪುಸ್ತಕದವಳು ಡ್ರಾಯರ್ ತೆಗೆಯುತ್ತಾಳೆ. ಟವೆಲ್ ಹಾಸುತ್ತಾಳೆ. ಎರಡು ತಿಂಗಳ ಮಗುವನ್ನು ಅದರಲ್ಲಿ ಮಲಗಿಸಿ, ಹೊರಗೆ ಹೋಗಿ, ಬಸ್ ನಿಲ್ದಾಣದಲ್ಲಿ ಕೂರುತ್ತಾಳೆ. ಮೂರು ಬಸ್ ಬಿಡುತ್ತಾಳೆ. ನಾಲ್ಕನೆಯದನ್ನು ಹತ್ತುತ್ತಾಳೆ. ಬೇರೆ ಊರಿನ ಲಾಂಡ್ರಿಯಲ್ಲಿ ಹನ್ನೊಂದು ದಿನ ಇಸ್ತ್ರಿ ಹಾಕುತ್ತಾಳೆ.

ಹನ್ನೊಂದು ದಿನ. ಲಾಂಡ್ರಿ. ನಾಲ್ಕನೇ ಬಸ್ಸು.

ಇದು ನಾನು.

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ

ಇದನ್ನೆಲ್ಲ ನಾನು ಹೇಳಿದ್ದು ಒಬ್ಬಳಿಗೇ. ಹತ್ತೊಂಬತ್ತು ವರ್ಷದ ಹಿಂದೆ, ಅಕ್ಕನಿಗೆ. ನಮ್ಮ ಯಜಮಾನರು ಆಗ ಲಾರಿ ಓಡಿಸಿಕೊಂಡು ತಿಂಗಳುಗಟ್ಟಲೆ ಹೊರಗೆ. ಸಾಯುವ ತನಕ ಅವರಿಗೆ ಗೊತ್ತಾಗಲಿಲ್ಲ. ಮಗಳಿಗೆ ಹೇಳಿರುವುದು — ಅಮ್ಮನಿಗೆ ಕಾಮಾಲೆ ಆಗಿತ್ತು, ಆಸ್ಪತ್ರೆಯಲ್ಲಿದ್ದಳು.

ಮೊನ್ನೆ ಅಕ್ಕನ ಕಾಲಲ್ಲಿ ಹೊಸ ಶೂ ನೋಡಿದೆ. "ಮೇಡಂ ಕೊಡಿಸಿದ್ರು ಕಣೆ" ಎಂದಿದ್ದಳು. ಯಾಕೆ ಕೊಡಿಸಿದರು? ಯಾವುದಕ್ಕೆ?

ಒಂದು ಮಾತ್ರ ತಪ್ಪಾಗಿದೆ. ಪುಟ 103. ಪುಸ್ತಕದವಳು ಬಾಗಿಲು ತೆಗೆದೇ ಹೋಗುತ್ತಾಳೆ, ಮೇಲಿನ ಮಹಡಿಯ ಅಕ್ಕನಿಗೆ ಮಗುವಿನ ಅಳು ಕೇಳಿಸಲಿ ಎಂದು. ನಾನು ಬೀಗ ಹಾಕಿದ್ದೆ. ಬಸ್ಸಿನಲ್ಲಿ ಕೂತಾಗ ಬೀಗದ ಕೈ ಮುಷ್ಟಿಯಲ್ಲೇ ಇತ್ತು, ಅದರ ಹಲ್ಲು ಅಂಗೈಗೆ ಒತ್ತಿ ಕೆಂಪಾಗಿತ್ತು. ಆಗ ಮೇಲಿನ ಮನೆಯಲ್ಲೇ ಇದ್ದ ಅಕ್ಕನ ಹತ್ತಿರ ಇನ್ನೊಂದು ಬೀಗದ ಕೈ ಇತ್ತು, ನಿಜ. ಎಷ್ಟು ಹೊತ್ತಿಗೆ ಬಂದಳು, ಹೇಗೆ ಒಳಗೆ ಹೋದಳು... ಆ ಮಾತನ್ನು ನಾವಿಬ್ಬರೂ ಇವತ್ತಿನವರೆಗೆ ಎತ್ತಿಲ್ಲ.

ಮಾರ್ಚ್ 4. ಸಂಜೆ

ಊಟದ ಹೊತ್ತಿನಲ್ಲಿ ನಮ್ಮದೊಂದು ಪದ್ಧತಿ. ಗೋಡೆಗೊರಗಿ ಸಾಲಾಗಿ ಕೂತು, ಒಬ್ಬೊಬ್ಬರೂ ತಮ್ಮ ಫಾರಮ್ಮಿನ ಕಥೆ ಹೇಳುತ್ತೇವೆ. ಒಂದರಿಂದ ಕೊನೆಯವರೆಗೆ. ಹಾಗೆ ಜೋಡಿಸಿಕೊಂಡರೆ ಎಲ್ಲರಿಗೂ ಪೂರ್ತಿ ಕಾದಂಬರಿ ಸಿಗುತ್ತದೆ. ನನ್ನ ಸರದಿ ಬಂತು.

"ನನ್ನದರಲ್ಲಿ ಏನೂ ಇಲ್ಲ" ಎಂದೆ. "ಮನೆ ಖಾಲಿ ಮಾಡ್ತಾಳೆ. ಪಾತ್ರೆ ತುಂಬ್ತಾಳೆ."

ಎಂಟನೇ ಫಾರಂ ರೇಡಿಯೋದು. ಬಾಯಿ ಮುಚ್ಚುವುದಿಲ್ಲ ಎಂದು ಅವಳಿಗೆ ಆ ಹೆಸರು. "ಹದಿನಾರು ಪುಟ ಪಾತ್ರೆನೇ ತುಂಬ್ತಾಳಾ? ಅವಳದ್ದೇನು ಹೋಟೆಲ್ಲಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ.

"ನನ್ನದು ಶುರುವಾಗೋದೇ ಅವಳು ಅಕ್ಕನ ಮನೆ ಬೆಲ್ ಒತ್ತೋದ್ರಿಂದ" ಎಂದಳು ರೇಡಿಯೋ. "ಅಕ್ಕ ಬೈಯಲ್ಲ, ಅಳಲ್ಲ. 'ಹಾಲು ಕುಡ್ದು ಮಲಗಿದೆ, ಸದ್ದು ಮಾಡಬೇಡ' ಅಂತಾಳೆ ಅಷ್ಟೆ. ಆ ಮಗು ಅಲ್ಲಿಗೆ ಹೆಂಗೆ ಹೋಯ್ತು? ಪಾತ್ರೆ ಜೊತೆ ಅದನ್ನೂ ಪ್ಯಾಕ್ ಮಾಡಿ ಕಳಿಸಿದ್ಲಾ?"

ಮತ್ತೆ ನಗು. ಬ್ರೆಡ್ಡನ್ನು ಡಬ್ಬಿಗೆ ವಾಪಸ್ ಇಟ್ಟೆ. ನಾನು ವಾಪಸ್ ಬಂದ ದಿನ ಅಕ್ಕ ಹೇಳಿದ್ದು ಅದೇ ಮಾತು. ಒಂದಕ್ಷರ ಆಚೀಚೆ ಇಲ್ಲ.

ಮಧ್ಯಾಹ್ನವೆಲ್ಲ ರೇಡಿಯೋ ನನ್ನ ಕಟ್ಟಿನ ಕಡೆ ನೋಡುತ್ತಿದ್ದಳು. ಅಥವಾ ಕಿಟಕಿ ಕಡೆಯೋ. ನನ್ನ ಕಟ್ಟು ಕಿಟಕಿಯ ಕೆಳಗೇ ಇದೆ.

ಮಾರ್ಚ್ 6, ಗುರುವಾರ

ಮಗಳು ಊಟದ ಮೇಜಿನ ತುಂಬ ಪುಸ್ತಕ ಹರಡಿಕೊಂಡು ಕಾಲೇಜಿಗೆ ದೊಡ್ಡ ಲೇಖನ ಬರೆಯುತ್ತಿದ್ದಾಳೆ. ಅದು ಮೇಡಂ ಮತ್ತು ಅವರ ಕಾಲದ ಇನ್ನೂ ಮೂವರು ಕಾದಂಬರಿಗಾರ್ತಿಯರ ಬಗ್ಗೆಯಂತೆ. ತಟ್ಟೆ ಇಡಲು ಜಾಗ ಮಾಡುತ್ತಾ, "ಏನು ಮಾಡಿದ್ದಾರೆ ಇವರು ಅಂಥದ್ದು?" ಎಂದೆ. ಸುಮ್ಮನೆ ಕೇಳಿದಂತೆ.

"ಇವರು ಬರೆಯೋಕ್ಕಿಂತ ಮುಂಚೆ ಕಾದಂಬರೀಲಿ ಅಮ್ಮ ಅಂದ್ರೆ ಎರಡೇ ಥರ, ಅಮ್ಮ. ಕಾಯೋಳು, ಇಲ್ಲಾ ಸಾಯೋಳು. ಇವರು ಅಮ್ಮಂಗೂ ಸುಸ್ತಾಗುತ್ತೆ, ಸಾಕಾಗುತ್ತೆ, ಎದ್ದು ಹೋಗ್ತಾಳೆ ಅಂತ ಬರೆದ್ರು. ಈಗ ಗಂಡಸರ ಕಾದಂಬರೀಲೂ ಅಮ್ಮಂದಿರು ಬದಲಾಗಿದ್ದಾರೆ. ಹೊಸಬರೆಲ್ಲ ಇವರ ದಾರೀಲೇ."

"ಬಿಟ್ಟು ಹೋದೋಳನ್ನ ದೊಡ್ಡದು ಮಾಡಿ ಬರೆಯೋದಾ?"

"ದೊಡ್ಡದು ಮಾಡಲ್ಲ. ಬರೀತಾರೆ ಅಷ್ಟೆ."

ಹೇಳಿ ನನ್ನನ್ನೇ ನೋಡಿದಳು. ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು. ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು.

"ಹೊಸದು ನಿಮ್ಮ ಹತ್ರಾನೇ ಬೈಂಡ್ ಆಗ್ತಿದೆಯಲ್ಲ, ನನಗೆ ಒಂದು ಪ್ರತಿ ತಾ."

ಅದು ನಮ್ಮಲ್ಲಿಗೆ ಬಂದಿದೆ ಎಂದು ಇವಳಿಗೆ ಯಾರು ಹೇಳಿದರು? ನಾನಂತೂ ಹೇಳಿಲ್ಲ.

ಮಾರ್ಚ್ 9, ಭಾನುವಾರ. ಮಧ್ಯಾಹ್ನ

ಅಕ್ಕನ ಮನೆಗೆ ಹೋಗಿದ್ದೆ. ಬಟ್ಟೆ ಮಡಚುತ್ತಿದ್ದಳು. ಸುತ್ತಿ ಬಳಸಿ ಕೇಳಿದೆ, ಮೇಡಂ ನಿನ್ನ ಹತ್ತಿರ ಏನೇನು ಮಾತಾಡುತ್ತಾರೆ ಎಂದು.

"ಉಪ್ಪು ಎಷ್ಟು ಹಾಕ್ದೆ ಅಂತ ಕೇಳ್ತಾರೆ."

"ಮತ್ತೆ?"

"ಮತ್ತೆ ಯಾಕೆ ಅಷ್ಟು ಹಾಕ್ದೆ ಅಂತ ಕೇಳ್ತಾರೆ." ನಕ್ಕಳು. "ಏನೇ ಇದು, ಪೊಲೀಸರ ಥರ? ಕೂತ್ಕೊ ಮೊದಲು."

ಕೂರಲಿಲ್ಲ. ನೇರವಾಗಿ ಕೇಳಿದೆ. "ನನ್ನ ವಿಷಯ ಹೇಳಿದ್ದೀಯಾ ಅವರಿಗೆ?"

"ನಿನ್ನಾಣೆ ಅವರಿಗೆ ಹೇಳಿಲ್ಲ."

'ಅವರಿಗೆ' ಎಂಬ ಮಾತನ್ನು ಸ್ವಲ್ಪ ಒತ್ತಿ ಹೇಳಿದಳೇ? ಮುಖ ಎತ್ತಲಿಲ್ಲ. ಒಂದೇ ದಿಂಬಿನ ಚೀಲವನ್ನು ಮೂರು ಸಲ ಮಡಚಿದಳು. ಮಡಚುವುದು ನನ್ನ ಕಸುಬು, ಎಣಿಸದೆ ಇರಲಾಗುವುದಿಲ್ಲ.

ಮಾರ್ಚ್ 15, ಶನಿವಾರ. ಸಂಜೆ 6

ಐದು ದಿನ ಬರೆಯಲಿಲ್ಲ. ಬರೆದರೆ ಇದೂ ಯಾರ ಕೈಗಾದರೂ ಸಿಕ್ಕೀತು ಎಂದು.

ಕೆಲಸ ಮುಗಿಯಿತು. ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ ಎಂದರು ಫೋರ್ಮನ್. ಅಂಗಡಿಗೆ ಹೋಗುವುದು ಇನ್ನೂ ಹತ್ತು ದಿನದ ಮೇಲೆ.

ಜೋಡಿಸಿದ ಮೇಲೆ ಪುಸ್ತಕದ ಬೆನ್ನು ನೋಡುವ ಕೆಲಸ ನನ್ನದೇ. ಒಂದೊಂದು ಫಾರಮ್ಮಿನ ಬೆನ್ನಿಗೂ ಒಂದು ಕಪ್ಪು ಗುರುತು ಇರುತ್ತದೆ, ಒಂದಕ್ಕಿಂತ ಒಂದು ಸ್ವಲ್ಪ ಕೆಳಗೆ. ಎಲ್ಲ ಸರಿಯಿದ್ದರೆ ಮೆಟ್ಟಿಲಿನ ಹಾಗೆ ಕಾಣುತ್ತದೆ. ಒಂದು ತಪ್ಪಿದರೂ ಮೆಟ್ಟಿಲು ಮುರಿಯುತ್ತದೆ. ಹದಿನಾರು ವರ್ಷದಲ್ಲಿ ಮುರಿದ ಮೆಟ್ಟಿಲನ್ನು ನಾನು ಒಮ್ಮೆಯೂ ಮುಂದಕ್ಕೆ ಬಿಟ್ಟವಳಲ್ಲ.

ಇವತ್ತು ಬಿಟ್ಟೆ. ಮಗಳ ಪ್ರತಿಯಿಂದ ಏಳನೆಯದನ್ನು ಎಳೆದು ಚೀಲಕ್ಕೆ ಹಾಕಿಕೊಂಡೆ. ಅಂಟು ಬಳಿದು ರಟ್ಟು ಕೂರಿಸಿದ ಮೇಲೆ ಬೆನ್ನು ಯಾರಿಗೂ ಕಾಣುವುದಿಲ್ಲ. 96 ಆದ ಮೇಲೆ 113. ಓದುವ ಭರದಲ್ಲಿ ಪುಟದ ನಂಬರು ಯಾರು ನೋಡುತ್ತಾರೆ? ಅಂಗಡಿಯ ಪ್ರತಿಗಳನ್ನು ಏನು ಮಾಡುವುದೆಂದು ಆಗ ಯೋಚನೆಯೇ ಬರಲಿಲ್ಲ. ಈಗ ಬರುತ್ತಿದೆ.

ಫಾರಂ ಹಾಸಿಗೆಯ ಕೆಳಗಿದೆ. ಎರಡು ಸಲ ಎತ್ತಿ ನೋಡಿದೆ. ಇದೆ.

ಮಾರ್ಚ್ 16, ಭಾನುವಾರ. ಸಂಜೆ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಮಗಳು ಬೆಳಿಗ್ಗೆಯಿಂದ ಓದುತ್ತಿದ್ದಳು. ನಾನು ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದೆ. ಹನ್ನೊಂದರ ಸುಮಾರಿಗೆ ಪುಸ್ತಕ ಹಿಡಿದುಕೊಂಡೇ ಅಡುಗೆಮನೆಗೆ ಬಂದಳು.

"ಏಳನೇ ಫಾರಂ ಎಲ್ಲಮ್ಮ?"

"ಮೆಷಿನ್ ತಪ್ಪಿರಬೇಕು."

"ನಿನ್ನ ಕೈಯಿಂದ ಬಂದ ಪುಸ್ತಕದಲ್ಲಿ?"

ಮೂರು ವರ್ಷದವಳಿದ್ದಾಗಿನಿಂದ ನನ್ನ ಪಕ್ಕ ಕೂತು ಮೆಟ್ಟಿಲು ಎಣಿಸಿ ಆಡಿಕೊಂಡು ಬೆಳೆದವಳು. ಯಾರಿಗೆ ಮೋಸ ಮಾಡಲು ಹೋದೆ ನಾನು?

"ಹೋಗ್ಲಿ, ಅದರಲ್ಲಿ ಏನಿದೆ ಅಂತ ನಾನೇ ಹೇಳ್ಲಾ?" ಎಂದಳು. "ಡ್ರಾಯರು, ಟವೆಲ್ಲು, ನಾಲ್ಕನೇ ಬಸ್ಸು."

ನಲ್ಲಿ ನಿಲ್ಲಿಸಿದೆ.

"ಅಚ್ಚಾಗೋಕ್ಕಿಂತ ಮುಂಚೆನೇ ಓದಿದ್ದೀನಿ, ಮೇಡಂ ಮನೇಲಿ. ಅವರಿಗೆ ಹೇಳಿದ್ದು ನಾನು. ದೊಡ್ಡಮ್ಮನ ಮೇಲೆ ಹಾರಾಡಬೇಡ. ಅವಳು ನನಗೊಬ್ಬಳಿಗೇ ಹೇಳಿದ್ದು, ನಂಗೆ ಹದಿನಾಲ್ಕು ವರ್ಷ ಇದ್ದಾಗ. ನಿನ್ನ ಜೊತೆ ಜಗಳ ಮಾಡ್ಕೊಂಡು ಅವಳ ಮನೆಗೆ ಹೋಗಿದ್ನಲ್ಲ, ಆವತ್ತು."

ಐದು ವರ್ಷ. ಐದು ವರ್ಷದಿಂದ ಇವಳಿಗೆ ಗೊತ್ತಿದೆ. ನಾನು ಚಿಲಕ ನೋಡುವುದನ್ನು ಹಾಸಿಗೆಯಿಂದ ನೋಡುತ್ತಾ ಮಲಗಿದ್ದಾಳೆ.

"ನನ್ನ ಕೇಳದೆ ಹೆಂಗೆ ಹೇಳಿದೆ?"

"ಮೇಡಂ ಕೇಳಿದ್ರು, ನಿಮ್ಮಮ್ಮ ಒಪ್ಪಿದ್ದಾರಾ ಅಂತ. ಒಪ್ಪಿದ್ದಾರೆ ಅಂದೆ. ಸುಳ್ಳು ಹೇಳಿದೆ." ಪುಸ್ತಕವನ್ನು ಕಟ್ಟೆಯ ಮೇಲಿಟ್ಟಳು. "ನಿನ್ನ ಕೇಳಿದ್ರೆ ಕಾಮಾಲೆ ಅಂತಿದ್ದೆ. ಅವರ ಹಳೇ ಪುಸ್ತಕಗಳನ್ನ ಓದೋಕ್ಕಿಂತ ಮುಂಚೆ ನಿನ್ನ ಮೇಲೆ ನಂಗೆ ಎಷ್ಟು ಸಿಟ್ಟಿತ್ತು ಗೊತ್ತಾ. ಅದರಲ್ಲಿ ಬರೋ ಅಮ್ಮಂದಿರನ್ನ ಓದಿದ ಮೇಲೆ... ಸಿಟ್ಟು ಪೂರ್ತಿ ಹೋಗಿಲ್ಲ. ನಿನ್ನ ಕಡೆ ಮಾತೂ ಕೇಳಬೇಕು ಅನ್ನಿಸ್ತು, ಅಷ್ಟೆ."

ಹಾಸಿಗೆಯ ಕೆಳಗಿಂದ ಫಾರಂ ತಂದುಕೊಟ್ಟೆ. ಅಂಚು ಕತ್ತರಿಸಿರಲಿಲ್ಲ, ಮಡಿಕೆಗಳು ಒಂದಕ್ಕೊಂದು ಸೇರಿಕೊಂಡೇ ಇದ್ದವು. ತರಕಾರಿ ಹೆಚ್ಚುವ ಚಾಕುವಿನಿಂದ ಸೀಳಿಕೊಟ್ಟೆ. 96ರ ಪಕ್ಕ ಇಟ್ಟಳು. ಉಳಿದ ಪುಟಗಳಿಗಿಂತ ಒಂದು ಬೆರಳು ಹೊರಗೆ ಚಾಚಿಕೊಂಡಿತು.

"ಇದೊಂದು ಸಾಲು ಇಲ್ಲದೆ ಇದ್ರೆ ನಾನು ಮೇಡಂ ಹತ್ರ ಬಾಯೇ ಬಿಡ್ತಿರಲಿಲ್ಲ" ಎಂದಳು. 103ರ ಮೇಲೆ ಬೆರಳು. "ನೀನು ಬಾಗಿಲು ತೆಗೆದಿಟ್ಟು ಹೋದೆ. ನಾನು ಅಳೋದು ಮೇಲೆ ಕೇಳಿಸಲಿ ಅಂತ. ದೊಡ್ಡಮ್ಮ ಹೇಳಿದ್ಲು. ಐದು ವರ್ಷದಿಂದ ಅದನ್ನೇ ಹಿಡ್ಕೊಂಡಿದ್ದೀನಿ."

ಲೋಟ ಒರೆಸಿದೆ.

ಮಾರ್ಚ್ 17, ಸೋಮವಾರ. ಬೆಳಿಗ್ಗೆ 7:10

ಕನಸು ಬೀಳಲಿಲ್ಲ. ನಿದ್ದೆ ಬಂದರೆ ತಾನೇ.

ಅಕ್ಕ ನಿಜ ಹೇಳಿದಳೋ, ಹದಿನಾಲ್ಕರ ಹುಡುಗಿ ಅಳುತ್ತಿದ್ದಾಳೆಂದು ಕಟ್ಟಿ ಹೇಳಿದಳೋ. ಅವಳು ಕಟ್ಟಬಲ್ಲಳು. ಕಾಮಾಲೆ ಕಟ್ಟಿದವಳೂ ಅವಳೇ. ಈಗ ಅದು ಹತ್ತು ಸಾವಿರ ಪುಸ್ತಕದಲ್ಲಿ ಅಚ್ಚಾಗಿದೆ. ನಾಳೆ ಇನ್ಯಾರೋ ಅದನ್ನೇ ಓದಿ ಇನ್ನೊಂದು ಕಾದಂಬರಿ ಬರೆಯುತ್ತಾರೆ, ಅದರಲ್ಲೂ ಅಮ್ಮ ಬಾಗಿಲು ತೆಗೆದಿಟ್ಟೇ ಹೋಗುತ್ತಾಳೆ.

ನನಗೆ ನೆನಪಿರುವುದು ಬೀಗದ ಕೈ. ಮುಷ್ಟಿ. ಬೀಗ ತಿರುಗಿಸಿದ್ದು... ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಕೂತು ನೆನೆದೆ. ಸದ್ದು ನೆನಪಿಗೆ ಬರುತ್ತಿಲ್ಲ. ಕೈಯಲ್ಲಿ ಬೀಗದ ಕೈ ಇದ್ದ ಮಾತ್ರಕ್ಕೆ ಬೀಗ ಹಾಕಿದ ಹಾಗೆಯೇ?

ಮಗಳು ಈಗ ಹೊರಟಳು. ಕಾಲೇಜಿಗೆ ಹೋಗುವ ಮುಂಚೆ ಮೇಡಂ ಮನೆಗೆ ಹೋಗಿ ಸುಳ್ಳು ಹೇಳಿದ್ದನ್ನು ಒಪ್ಪಿಕೊಳ್ಳುತ್ತಾಳಂತೆ. ಮೆಟ್ಟಿಲಿಳಿಯುತ್ತಿದ್ದವಳನ್ನು ಕರೆದೆ.

"ದೊಡ್ಡಮ್ಮ ಅಲ್ಲೇ ಇರ್ತಾಳಲ್ಲ."

"ಹೂಂ, ಅಡುಗೆಮನೇಲಿ."

"ನಾನು ಕೇಳಿದ್ರೆ ನನ್ನ ಮುಖ ನೋಡ್ಕೊಂಡು ಹೇಳ್ತಾಳೆ. ನೀನು ಕೇಳು."

"ಏನು ಕೇಳಬೇಕು?"

ಮೆಟ್ಟಿಲ ಕಂಬಿ ಹಿಡಿದುಕೊಂಡೆ. ಹೇಳದೆ ಬಿಟ್ಟರೆ ಮಗಳು ಹಿಡಿದುಕೊಂಡಿರುವ ಆ ತೆರೆದ ಬಾಗಿಲು ಅವಳ ಹತ್ತಿರವೇ ಉಳಿಯುತ್ತದೆ ಎಂದು ಗೊತ್ತಿತ್ತು.

"ಬಾಗಿಲು" ಎಂದೆ. "ಇನ್ನೊಂದ್ಸಲ ಸರಿಯಾಗಿ ಕೇಳಿ ನೋಡು. ಅವಳು ಕೆಳಗೆ ಬಂದಾಗ ಬಾಗಿಲು ತೆಗೆದಿತ್ತಾ, ಇಲ್ಲಾ ಅವಳ ಹತ್ರ ಇದ್ದ ಬೀಗದ ಕೈಯಿಂದ ತೆಗೆದ್ಲಾ ಅಂತ."