ಸ್ಕ್ಯಾನಿಂಗ್ ಕೋಣೆಯಲ್ಲಿ ನಿನ್ನ ಗೆಳತಿ

ಫೆಬ್ರವರಿ ೧೯, ಬುಧವಾರ

ಪ್ರೀತಿಯ ಅಕ್ಕನಿಗೆ, ತಂಗಿಯ ನಮಸ್ಕಾರಗಳು.

ನಿನ್ನ ಮೂರು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಕ್ಷಮಿಸು. ಹೊಲಿಗೆ ಕೆಲಸ ಕೈತುಂಬ ಇತ್ತು ಎಂದರೆ ಸುಳ್ಳಾಗುತ್ತದೆ. ನನ್ನ ಎಡ ಎದೆಯಲ್ಲಿ ಗಂಟು ಕೈಗೆ ಸಿಕ್ಕಿತ್ತು. ದಿನಾ ಹತ್ತು ಹೆಂಗಸರ ಎದೆಯಳತೆ ತೆಗೆಯುವವಳು ನಾನು. ನನ್ನದನ್ನು ತೋರಿಸಲು ನಾಚಿ, ನಾಲ್ಕು ತಿಂಗಳು ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಓಡಾಡಿದೆ. ಕಡೆಗೆ ಮನೆಯವರೇ ಬಲವಂತವಾಗಿ ಕರೆದುಕೊಂಡು ಹೋದರು.

ಡಾಕ್ಟರು ಬಯಾಪ್ಸಿ ಆಗಬೇಕೆಂದರು. ಸ್ಕ್ಯಾನಿಂಗ್ ಕೋಣೆಯಲ್ಲಿ ಯಾರಿದ್ದರು ಗೊತ್ತೇ? ನಿನ್ನ ಬಯಾಪ್ಸಿಯ ಸುದ್ದಿ ಬೀದಿಗೆ ಹರಡಿದಳೆಂದು ನೀನು ಮಾತು ಬಿಟ್ಟ ಗೆಳತಿ, ನರ್ಸಮ್ಮ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ರಕ್ತ ತೆಳು ಮಾಡೋ ಮಾತ್ರೆ ತಗೋತೀಯಾ?" ಎಂದು ಕೇಳಿದಳು. ಇಲ್ಲವೆಂದೆ. ನನ್ನನ್ನು ಮಲಗಿಸಿ, ಎಡಗೈಯನ್ನು ತಲೆಯ ಮೇಲಿರಿಸಿ, ಎದೆಗೆ ತಣ್ಣನೆಯ ಜೆಲ್ ಸವರಿದಳು. ಮರಗಟ್ಟಿಸುವ ಇಂಜೆಕ್ಷನ್ ಕ್ಷಣಕಾಲ ಉರಿಯಿತು. ಡಾಕ್ಟರು ಪರದೆಯ ಮೇಲೆ ಗಂಟನ್ನು ನೋಡುತ್ತಲೇ ಸೂಜಿ ಇಳಿಸಿದರು.

"ಈಗ ಟಪ್ ಅಂತ ಸದ್ದಾಗುತ್ತೆ, ಬೆಚ್ಚಿಬೀಳ್ಬೇಡ. ನನ್ನ ಕೈ ಹಿಡ್ಕೋ," ಎಂದಳು.

ಐದು ಸಲ ಟಪ್ ಎಂದಿತು. ಒತ್ತಿದ ಹಾಗಾಯಿತು, ಅಷ್ಟೆ. ತೆಗೆದದ್ದು ದಾರದ ತುಂಡಿನಂಥ ಚೂರುಗಳು.

"ಹೊಲಿಗೆ ಹಾಕಲ್ವಾ?" ಎಂದೆ.

"ನಿನ್ನ ಕಸುಬು ನಮಗ್ಯಾಕೆ?" ಎಂದು ನಕ್ಕಳು. ಹತ್ತು ನಿಮಿಷ ಗಾಯ ಒತ್ತಿ ಹಿಡಿದು, ಪಟ್ಟಿ ಅಂಟಿಸಿ, ಮೇಲೆ ಐಸ್ ಇಟ್ಟಳು. "ಎರಡು ದಿನ ಭಾರ ಎತ್ಬೇಡ. ಚರ್ಮ ಕಪ್ಪಗಾದ್ರೆ ಹೆದರ್ಬೇಡ. ರಕ್ತ ನಿಲ್ಲದಿದ್ರೆ, ಜ್ವರ ಬಂದ್ರೆ ಫೋನ್ ಮಾಡು."

ಹೊರಡುವಾಗ ಕಿವಿಯ ಹತ್ತಿರ ಬಾಗಿದಳು. "ಇದು ನನ್ನ ಬಾಯಿಂದ ಯಾರಿಗೂ ಹೋಗಲ್ಲ ಕಣೆ. ನಿಮ್ಮಕ್ಕಂದೂ ಹೋಗಿರ್ಲಿಲ್ಲ."

ನಾನು ತಲೆ ಎತ್ತಲಿಲ್ಲ.

ಆರು ದಿನಕ್ಕೆ ವರದಿ ಬಂತು. ಕ್ಯಾನ್ಸರ್ ಅಲ್ಲ, ಆರು ತಿಂಗಳು ಬಿಟ್ಟು ಮತ್ತೊಮ್ಮೆ ಸ್ಕ್ಯಾನ್ ಮಾಡಿಸಬೇಕು. ಮನೆಯವರು ಮಗುವಿನ ಹಾಗೆ ಅತ್ತರು. ನನಗೆ ಅಳುವೇ ಬರಲಿಲ್ಲ.

ಮಕ್ಕಳಿಗೆ ಒಳ್ಳೆಯದಾಗಲಿ. ನಿನ್ನ ಆರೋಗ್ಯ ನೋಡಿಕೋ.

ನಿನ್ನ ತಂಗಿ

ತಾ.ಕ.: ನಿನ್ನ ಸುದ್ದಿ ಹರಡಿದ್ದು ನರ್ಸಮ್ಮ ಅಲ್ಲ, ನಾನು. ಅಳತೆ ಕೊಡಲು ಬಂದವಳೊಬ್ಬಳ ಮುಂದೆ ಮಾತಿನ ಭರದಲ್ಲಿ ಆಡಿಬಿಟ್ಟೆ. ಜನ ಮುಖ ಬಿಟ್ಟು ಎದೆ ನೋಡಿ ಮಾತಾಡುತ್ತಾರೆಂದು ನೀನು ಶಾಲೆಯ ಕೆಲಸ ಬಿಟ್ಟು ಊರಿಂದಲೇ ಹೊರಟಾಗ, ಸಾಮಾನು ಕಟ್ಟಿಕೊಡುತ್ತಾ "ಅವಳೇ ಹೇಳಿರ್ಬೇಕು" ಎಂದವಳೂ ನಾನೇ. ಈ ಕಾಗದ ಅಂಚೆಗೆ ಹಾಕಿ ನೇರವಾಗಿ ಅವಳ ಮನೆಗೆ ಹೋಗುತ್ತೇನೆ. ಬಾಗಿಲು ತೆಗೆದರೆ ಏನು ಹೇಳಲಿ ಎಂದು ಇನ್ನೂ ತಿಳಿದಿಲ್ಲ.